ಕಾರಿನಲ್ಲೇ ಇದ್ದ 33 ಅಶ್ವಶಕ್ತಿ

(ಸ್ಟುಟ್‌ಗಾರ್ಟ್ ಹತ್ತಿರ ಕನ್ನಡದ ಗೆಳೆಯರು ಸೇರಿದ್ದಾಗ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಹೊರಗೆ ನಿಂತಿರುವ ಕೆಂಪು ಕಾರಿನ ಬಗ್ಗೆ ಒಳಗೆ ಬರುವಾಗಲೇ ಮೂರ್ನಾಲ್ಕು ಜನ ಕೇಳಿದಿರಿ. ಅದು 1986ರ ಪೋರ್ಷೆ 944 ಟರ್ಬೊ. ಅದನ್ನು ಕಂಡವರೆಲ್ಲ ಮೊದಲು ಕೇಳುವ ಪ್ರಶ್ನೆ ಒಂದೇ. ಎಷ್ಟು ಅಶ್ವಶಕ್ತಿ ಬರುತ್ತದೆ? ಉತ್ತರ ಕೊನೆಗೆ ಹೇಳುತ್ತೇನೆ. ಆ ಅಂಕಿಗೆ ಹೋದ ದಾರಿಯಲ್ಲಿ ನಾನು ಒಂದು ಎಂಜಿನ್ ಹಾಳು ಮಾಡಿಕೊಂಡೆ. ಇವತ್ತು ಮಾತಾಡುವುದು ಹೆಚ್ಚಾಗಿ ಅದರ ಬಗ್ಗೆ.

ಈ ಕಾರು ಹುಟ್ಟಿದ್ದು ಇಲ್ಲಿಂದ ದೂರವೇನಲ್ಲ. ಅದನ್ನು ರೂಪಿಸಿದ್ದು ವೈಸಾಖ್‌ನಲ್ಲಿರುವ ಪೋರ್ಷೆಯ ವಿನ್ಯಾಸ ಕೇಂದ್ರದಲ್ಲಿ. ಜೋಡಿಸಿದ್ದು ನೆಕರ್ಸುಲ್ಮ್‌ನ ಆಡಿ ಕಾರ್ಖಾನೆಯಲ್ಲಿ. ಎಂಜಿನ್ನಿನ ಕಂಪ್ಯೂಟರ್ ಬಾಷ್ ಕಂಪನಿಯ ಮೋಟ್ರಾನಿಕ್. ಬೆಂಗಳೂರಿನಲ್ಲಿ ಬೆಳೆದವರಿಗೆ ಬಾಷ್ ಅಂದರೆ ಮೈಕೋ, ಆಡುಗೋಡಿ ಕಡೆ ಓಡಾಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಇವತ್ತು ಎಂಜಿನ್ ಕಂಪ್ಯೂಟರಿನ ಕೆಲಸ ಬೆಂಗಳೂರಿನಲ್ಲೇ ಎಷ್ಟೋ ನಡೆಯುತ್ತದೆ. ಆ ಕೆಲಸ ಮಾಡಿ ಇಲ್ಲಿಗೆ ಬಂದವರು ಈ ಹಾಲ್‌ನಲ್ಲೂ ಇದ್ದೀರಿ. ನಾನು ತಪ್ಪು ಹೇಳಿದರೆ ಅಲ್ಲೇ ತಡೆದು ತಿದ್ದಿ.

ಮೊದಲು ಟರ್ಬೊ ಅಂದರೇನು ಅಂತ ನೋಡಿಬಿಡೋಣ. ಕುಲುಮೆಯ ತಿದಿ ನೋಡಿದ್ದೀರಲ್ಲ? ಒತ್ತಿದಷ್ಟೂ ಬೆಂಕಿ ಜೋರಾಗುತ್ತದೆ. ಟರ್ಬೊ ಕೂಡ ಒಂದು ತಿದಿಯೇ. ಆದರೆ ಅದನ್ನು ಒತ್ತುವುದು ಕೈಯಲ್ಲ, ಎಂಜಿನ್ ಹೊರಗೆ ಬಿಡುವ ಹೊಗೆ. ಸೈಲೆನ್ಸರ್ ಕಡೆ ಹೋಗುವ ಬಿಸಿ ಹೊಗೆ ಒಂದು ಸಣ್ಣ ಚಕ್ರವನ್ನು ತಿರುಗಿಸುತ್ತದೆ. ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರ ಹೊಸ ಗಾಳಿಯನ್ನು ಎಂಜಿನ್ನಿಗೆ ತುರುಕುತ್ತದೆ. ನಿಮಿಷಕ್ಕೆ ಒಂದು ಲಕ್ಷಕ್ಕೂ ಮೀರಿದ ಸುತ್ತು. ಗಾಳಿ ಜಾಸ್ತಿ ಹೋದರೆ ಪೆಟ್ರೋಲೂ ಜಾಸ್ತಿ ಉರಿಸಬಹುದು. 944 ಟರ್ಬೊದಲ್ಲಿ ನಾಲ್ಕೇ ಸಿಲಿಂಡರ್, 2.5 ಲೀಟರ್. ಅಷ್ಟರಿಂದಲೇ 220 ಅಶ್ವಶಕ್ತಿ ಬರುತ್ತಿತ್ತು. 1986ರ ಮಟ್ಟಿಗೆ ಅದು ದೊಡ್ಡ ಮಾತು.

ಆದರೆ ಒತ್ತಿದ ಗಾಳಿ ಬಿಸಿಯಾಗುತ್ತದೆ. ಸೈಕಲ್ಲಿಗೆ ಪಂಪ್ ಹೊಡೆಯುವಾಗ ಪಂಪಿನ ಬುಡ ಕೈಗೆ ಸುಡುತ್ತದಲ್ಲ, ಅದೇ. ಒಂದು ಲೆಕ್ಕ ಹಾಕೋಣ. ಹೊರಗಿನ ಗಾಳಿ 20 ಡಿಗ್ರಿ ಇದೆ. ಟರ್ಬೊ ಅದನ್ನು 0.75 ಬಾರ್‌ನಷ್ಟು ಹೆಚ್ಚು ಒತ್ತುತ್ತದೆ. ಈ ಕಾರಿಗೆ ಕಂಪನಿ ಇಟ್ಟ ಬೂಸ್ಟ್ ಅಷ್ಟೇ. ಟರ್ಬೊದ ದಕ್ಷತೆ ಶೇಕಡಾ 70 ಅಂದುಕೊಂಡರೆ, ಹೊರಬರುವ ಗಾಳಿ 90 ಡಿಗ್ರಿ ದಾಟಿರುತ್ತದೆ. ಬೂಸ್ಟನ್ನು 1.0 ಬಾರ್‌ಗೆ ಏರಿಸಿದರೆ 110 ಡಿಗ್ರಿ ದಾಟುತ್ತದೆ. 1.2 ಬಾರ್ ಅಂದರೆ 125ರ ಆಸುಪಾಸು. ಮುಂದುಗಡೆ ಇರುವ ಇಂಟರ್‌ಕೂಲರ್ ಈ ಬಿಸಿಯನ್ನು ಇಳಿಸುತ್ತದೆ. ಅದು ತನ್ನ ಕೆಲಸ ಸರಿಯಾಗಿ ಮಾಡದೆ ಗಾಳಿ 50ರ ಬದಲು 80 ಡಿಗ್ರಿಯಲ್ಲಿ ಎಂಜಿನ್ನಿಗೆ ಹೋಯಿತು ಅನ್ನಿ. ಆಗ ಗಾಳಿ ಶೇಕಡಾ 8ರಿಂದ 9ರಷ್ಟು ತೆಳುವಾಗುತ್ತದೆ. ಬೂಸ್ಟ್ ಮುಳ್ಳು ಮಾತ್ರ ಅಲ್ಲೇ ಇರುತ್ತದೆ. ಹಾಗಾಗಿ ಬೂಸ್ಟ್ ಅನ್ನುವುದು ಶಕ್ತಿಯ ಅಳತೆಯಲ್ಲ, ಒತ್ತಡದ ಅಳತೆ ಅಷ್ಟೇ. ಇದನ್ನು ದಯವಿಟ್ಟು ನೆನಪಿಡಿ. (ಈ ಕಾರಿನ ಡ್ಯಾಶ್‌ಬೋರ್ಡಿನಲ್ಲಿರುವ ಬೂಸ್ಟ್ ಮೀಟರ್ ಹೊರಗಿನ ವಾತಾವರಣದ ಒತ್ತಡವನ್ನೂ ಸೇರಿಸಿ ತೋರಿಸುತ್ತದೆ. ಪೂರ್ತಿ ಬೂಸ್ಟಿನಲ್ಲಿ ಅದು 1.75 ಅನ್ನುತ್ತದೆ. ಹೊಸಬರು ಅದನ್ನು ನೋಡಿ ಗಾಬರಿಯಾಗುತ್ತಾರೆ.)

ಬಿಸಿಯ ಹಿಂದೆಯೇ ನಾಕಿಂಗ್ ಬರುತ್ತದೆ. ಸ್ಪಾರ್ಕ್ ಪ್ಲಗ್ ಹೊತ್ತಿಸಿದ ಬೆಂಕಿ ಸಿಲಿಂಡರಿನೊಳಗೆ ನಿಧಾನಕ್ಕೆ ಹರಡಬೇಕು. ಒತ್ತಡ ಮತ್ತು ಬಿಸಿ ಮಿತಿ ಮೀರಿದರೆ, ಬೆಂಕಿ ಇನ್ನೂ ತಲುಪದ ಮೂಲೆಯ ಮಿಶ್ರಣ ತಾನಾಗಿಯೇ ಸಿಡಿಯುತ್ತದೆ. ಡಬ್ಬಿಗೆ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ ಸದ್ದು. ಪಿಸ್ಟನ್, ಬೇರಿಂಗ್, ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವೆ ಬಿಗಿಯಾಗಿ ಕೂರುವ ಹೆಡ್ ಗ್ಯಾಸ್ಕೆಟ್, ಎಲ್ಲದರ ಮೇಲೂ ಸುತ್ತಿಗೆ ಏಟು. ಟರ್ಬೊ ಕಾರುಗಳ ಇತಿಹಾಸ ಅಂದರೆ ಬಹುಪಾಲು ಈ ನಾಕಿಂಗ್ ಜೊತೆಗಿನ ಜಗಳವೇ. 1962ರಲ್ಲಿ ಅಮೆರಿಕದಲ್ಲಿ ಬಂದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಕಾರಿನಲ್ಲಿ ನಾಕಿಂಗ್ ತಡೆಯಲು ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವನ್ನು ಎಂಜಿನ್ನಿಗೆ ಚಿಮುಕಿಸುತ್ತಿದ್ದರು. 1973ರ ಬಿಎಂಡಬ್ಲ್ಯು 2002 ಟರ್ಬೊದಲ್ಲಿ ಇಂಟರ್‌ಕೂಲರ್ ಇರಲಿಲ್ಲ. ಅದಕ್ಕೇ ಕಂಪ್ರೆಶನ್ ಅನ್ನು, ಅಂದರೆ ಪಿಸ್ಟನ್ ಮಿಶ್ರಣವನ್ನು ಎಷ್ಟು ಪಟ್ಟು ಕುಗ್ಗಿಸುತ್ತದೆ ಅನ್ನುವುದನ್ನು, 6.9ಕ್ಕೆ ಇಳಿಸಿದರು. ಟರ್ಬೊ ಏಳುವ ತನಕ ಅದಕ್ಕೆ ಪಿಕಪ್ಪೇ ಇರುತ್ತಿರಲಿಲ್ಲ.

944 ಟರ್ಬೊದಲ್ಲಿ ಕಂಪ್ರೆಶನ್ 8.0. ಅಷ್ಟು ಇಡಲು ಧೈರ್ಯ ಬಂದದ್ದು ಎಂಜಿನ್ನಿಗೆ ಕಿವಿ ಇದ್ದದ್ದರಿಂದ. ಬ್ಲಾಕಿನ ಮೇಲೆ ಒಂದು ನಾಕ್ ಸೆನ್ಸರ್ ಇದೆ. ಅದು ಕೇಳಿಸಿಕೊಂಡದ್ದನ್ನು ತೂಗಿ ನೋಡಲು ಕೆಎಲ್ಆರ್ ಅನ್ನುವ ಬೇರೆಯದೇ ಪೆಟ್ಟಿಗೆ. ಸದ್ದು ಬಂದರೆ ಆ ಸಿಲಿಂಡರಿಗೆ ಮಾತ್ರ ಕಿಡಿಯನ್ನು ತುಸು ತಡ ಮಾಡುತ್ತದೆ. ಅದೂ ಸಾಲದಿದ್ದರೆ ಬೂಸ್ಟ್ ಇಳಿಸುತ್ತದೆ. ಎಂಬತ್ತರ ದಶಕದ ಮಧ್ಯದಲ್ಲಿ ಇಷ್ಟು ಯೋಚನೆ ಮಾಡಿದ್ದಾರಲ್ಲ ಅಂತ ನನಗೆ ಇವತ್ತಿಗೂ ಆ ಎಂಜಿನಿಯರುಗಳ ಮೇಲೆ ಗೌರವ.

ಈಗ ನನ್ನ ಕಥೆ. ಕಾರು ಕೊಂಡ ವಾರದಲ್ಲೇ ಅದನ್ನು ಡೈನೋ, ಅಂದರೆ ಕಾರಿನ ಶಕ್ತಿ ಅಳೆಯುವ ಯಂತ್ರದ ಮೇಲೆ ಹತ್ತಿಸಿದೆ. 184 ಅಶ್ವಶಕ್ತಿ ತೋರಿಸಿತು. ಕಾರ್ಖಾನೆಯಿಂದ ಬಂದಾಗ 220 ಇದ್ದದ್ದು. ವಯಸ್ಸಾದ ಕಾರು, ಇಷ್ಟು ಕಮ್ಮಿಯಾಗುವುದು ಸಹಜ ಅಂದುಕೊಂಡೆ. ನನ್ನ ದೊಡ್ಡ ತಪ್ಪು ಅಲ್ಲೇ ಆಯಿತು. ಕಮ್ಮಿಯಾದದ್ದು ಯಾಕೆ ಅಂತ ಹುಡುಕಲೇ ಇಲ್ಲ. ಒಂದು ಗ್ಯಾರೇಜಿನವರು ಎಂಜಿನ್ ಕಂಪ್ಯೂಟರಿಗೆ ಬೇರೆ ಚಿಪ್ ಹಾಕಿದರೆ ಎಲ್ಲ ಸರಿಹೋಗುತ್ತದೆ ಅಂದರು. ಒಪ್ಪಿದೆ. ಎರಡು ಚಿಪ್ ಬದಲಾಯಿಸಿ ಬೂಸ್ಟನ್ನು 1.1 ಬಾರ್‌ಗೆ ಏರಿಸಿದರು. ಮತ್ತೆ ಡೈನೋ, ಈ ಸಲ 240. ಹೊಗೆಯಲ್ಲಿ ಗಾಳಿ-ಪೆಟ್ರೋಲ್ ಪ್ರಮಾಣ ಅಳೆದರೆ 11ರ ಹತ್ತಿರ, ಅಂದರೆ ಒಂದು ಪಾಲು ಪೆಟ್ರೋಲಿಗೆ 11 ಪಾಲು ಗಾಳಿ. ಪೆಟ್ರೋಲ್ ಧಾರಾಳವಾಗಿ ಹೋಗುತ್ತಿದೆ, ಎಂಜಿನ್ ಕ್ಷೇಮ ಅಂತ ಎಲ್ಲರೂ ಅಂದುಕೊಂಡೆವು.

ಆರು ವಾರ ಕಳೆಯಿತು. ಜುಲೈ ತಿಂಗಳ ಒಂದು ಮಧ್ಯಾಹ್ನ. ಎ8 ಹೆದ್ದಾರಿಯಲ್ಲಿ ಉಲ್ಮ್ ಕಡೆ ಹೋಗುವಾಗ ಆಲ್ಬ್ ಬೆಟ್ಟದ ಏರು ಬರುತ್ತದಲ್ಲ, ಅಲ್ಲಿ ಪೆಡಲ್ ಪೂರ್ತಿ ಒತ್ತಿದ್ದೆ. ಅರ್ಧ ಏರಿನಲ್ಲಿ ಶಕ್ತಿ ಕುಸಿಯಿತು. ಕನ್ನಡಿಯಲ್ಲಿ ನೋಡಿದರೆ ಹಿಂದೆಲ್ಲ ಬಿಳಿ ಹೊಗೆ. ಕೂಲಂಟಿನ ಸಿಹಿ ವಾಸನೆ. ಮೂರನೇ ಸಿಲಿಂಡರಿನ ಹತ್ತಿರ ಹೆಡ್ ಗ್ಯಾಸ್ಕೆಟ್ ಹೋಗಿತ್ತು.

ಎಂಜಿನ್ ಬಿಚ್ಚಿದಾಗ ಕಂಡದ್ದನ್ನು ಒಂದೊಂದಾಗಿ ಹೇಳುತ್ತೇನೆ. ನನ್ನ ಪಾಲಿಗೆ ಇದೇ ದೊಡ್ಡ ಪಾಠ.

ಟರ್ಬೊದಿಂದ ಎಂಜಿನ್ನಿಗೆ ಹೋಗುವ ಗಾಳಿಯ ದಾರಿಯಲ್ಲಿ ಎರಡು ರಬ್ಬರ್ ಪೈಪ್ ಬಿರಿದಿದ್ದವು. ಹೊರಗಿನಿಂದ ಕಾಣಿಸುತ್ತಿರಲಿಲ್ಲ. ಒತ್ತಡ ಬಂದಾಗ ಮಾತ್ರ ಬಾಯಿ ಬಿಡುತ್ತಿದ್ದವು. ಅಳತೆಯಾಗಿ ಬಂದ ಗಾಳಿ ಅಲ್ಲಿ ಸೋರಿಹೋಗುತ್ತಿತ್ತು. ಪೆಟ್ರೋಲ್ ಮಾತ್ರ ಲೆಕ್ಕದಷ್ಟೇ ಬೀಳುತ್ತಿತ್ತು. ಅದಕ್ಕೇ ಹೊಗೆಯಲ್ಲಿ ಪೆಟ್ರೋಲ್ ಧಾರಾಳವಾಗಿ ಕಂಡದ್ದು. ಇತ್ತ ಮೂರನೇ ಸಿಲಿಂಡರಿಗೆ ಪೆಟ್ರೋಲ್ ಚಿಮುಕಿಸುವ ಇಂಜೆಕ್ಟರ್ ಅರ್ಧ ಕಟ್ಟಿಕೊಂಡಿತ್ತು. ಮೂರು ಸಿಲಿಂಡರಿಗೆ ಪೆಟ್ರೋಲ್ ಅತಿಯಾಗಿ, ಒಂದಕ್ಕೆ ಸಾಲದೆ ಹೋಗುತ್ತಿತ್ತು. ಹೊಗೆ ಪೈಪಿನಲ್ಲಿರುವ ಸೆನ್ಸರ್ ತೋರಿಸುವುದು ನಾಲ್ಕರ ಸರಾಸರಿಯನ್ನು. ಸರಾಸರಿ ಚೆನ್ನಾಗಿದೆ ಅಂತ ನಾವು ಖುಷಿಯಾಗಿದ್ದೆವು. ಆ ಒಂದು ಸಿಲಿಂಡರ್ ಮಾತ್ರ ಒಳಗೇ ಬೇಯುತ್ತಿತ್ತು.

ಹಾಗಾದರೆ ನಾಕ್ ಸೆನ್ಸರ್ ಯಾಕೆ ಕಾಪಾಡಲಿಲ್ಲ? ಅದರ ಬೋಲ್ಟ್ ಸಡಿಲವಾಗಿತ್ತು, ಬುಡಕ್ಕೆ ತುಕ್ಕು ಹಿಡಿದಿತ್ತು. ಆ ಸೆನ್ಸರ್ ಕೇಳಿಸಿಕೊಳ್ಳುವುದು ಲೋಹದ ನಡುಕವನ್ನು. ಶುದ್ಧ ಲೋಹದ ಮೇಲೆ ಸುಮಾರು 20 ನ್ಯೂಟನ್ ಮೀಟರ್ ಬಿಗಿಯಲ್ಲಿ ಕೂತರೆ ಮಾತ್ರ ಅದಕ್ಕೆ ಸರಿಯಾಗಿ ಕೇಳಿಸುತ್ತದೆ. ನನ್ನ ಕಾರಿನ ಕಿವಿ ಎಷ್ಟು ವರ್ಷದಿಂದ ಮಂದವಾಗಿತ್ತೋ ಏನೋ.

ನಾಲ್ಕನೆಯದು ಕ್ರಾಸ್‌ಓವರ್ ಪೈಪು. ಈ ಕಾರಿನಲ್ಲಿ ಹೊಗೆ ಹೊರಬರುವುದು ಎಂಜಿನ್ನಿನ ಒಂದು ಮಗ್ಗುಲಿಂದ, ಟರ್ಬೊ ಕೂತಿರುವುದು ಇನ್ನೊಂದು ಮಗ್ಗುಲಲ್ಲಿ. ನಡುವೆ ಒಂದು ಉದ್ದದ ಪೈಪ್ ಕೆಳಗಿನಿಂದ ಹಾದುಹೋಗುತ್ತದೆ. ಅದರ ಕೀಲಿನಲ್ಲಿ ಹೊಗೆ ಸೋರಿದರೆ ಟರ್ಬೊ ತಡವಾಗಿ ಏಳುತ್ತದೆ. ನನ್ನದರಲ್ಲಿ ಮಸಿ ಗುರುತು ಎದ್ದು ಕಾಣುತ್ತಿತ್ತು. ಕಾರನ್ನು ಲಿಫ್ಟ್ ಮೇಲೆ ಎತ್ತಿ ಐದು ನಿಮಿಷ ನೋಡಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು.

ಇವೆಲ್ಲವನ್ನೂ ಸರಿಮಾಡಿ, ಹೊಸ ಹೆಡ್ ಗ್ಯಾಸ್ಕೆಟ್ ಹಾಕಿ, ಹಳೆಯ ಚಿಪ್ಪನ್ನೇ ವಾಪಸ್ ಕೂರಿಸಿದೆ. ಬೂಸ್ಟ್ ಅದೇ 0.75. ಡೈನೋ ಮೇಲೆ 217 ಬಂತು. ಆ ಕಾಗದ ಇವತ್ತೂ ನನ್ನ ಹತ್ತಿರ ಇದೆ. 184ರಿಂದ 217. 33 ಅಶ್ವಶಕ್ತಿ ಕಾರಿನಲ್ಲೇ ಇತ್ತು. ಅದನ್ನು ನಾನು ದುಡ್ಡು ಕೊಟ್ಟು ಹೊರಗಿನಿಂದ ತರಲು ಹೋಗಿದ್ದೆ. ಈ 217 ನನಗೆ ಚಿಪ್ಪಿನ 240ಕ್ಕಿಂತ ಚೆನ್ನಾಗಿ ಓಡುತ್ತಿತ್ತು. ಟರ್ಬೊ ಬೇಗ ಏಳುತ್ತಿತ್ತು, ಪೆಡಲ್ ಒತ್ತಿದ ಕೂಡಲೇ ಕಾರು ಕೈಗೆ ಸಿಗುತ್ತಿತ್ತು.

ಆದ್ದರಿಂದ ಹಳೆಯ ಟರ್ಬೊ ಕಾರು ತೆಗೆದುಕೊಂಡವರಿಗೆ ನಾನು ಹೇಳುವುದು ಇಷ್ಟು. ಮೊದಲ ವರ್ಷ ಒಂದು ಅಶ್ವಶಕ್ತಿಯನ್ನೂ ಸೇರಿಸಬೇಡಿ. ಟೈಮಿಂಗ್ ಬೆಲ್ಟ್ ಯಾವಾಗ ಬದಲಾಯಿಸಿದ್ದು ಅಂತ ಕಾಗದ ಇಲ್ಲದಿದ್ದರೆ ಅದನ್ನೇ ಮೊದಲು ಮಾಡಿಸಿ. ಈ ಎಂಜಿನ್ನಿನಲ್ಲಿ ಬೆಲ್ಟ್ ತುಂಡಾದರೆ ವಾಲ್ವು ಪಿಸ್ಟನ್ನಿಗೆ ಹೊಡೆಯುತ್ತದೆ. ನಾಲ್ಕೂ ಸಿಲಿಂಡರಿನ ಕಂಪ್ರೆಶನ್ ನೋಡಿಸಿ. ಆಮೇಲೆ ಗಾಳಿಯ ದಾರಿಯ ಪರೀಕ್ಷೆ. ಪಂಕ್ಚರ್ ಅಂಗಡಿಯಲ್ಲಿ ಟ್ಯೂಬನ್ನು ನೀರಿಗೆ ಅದ್ದಿ ಗುಳ್ಳೆ ನೋಡುತ್ತಾರಲ್ಲ, ಅದೇ ಕೆಲಸ. ಟರ್ಬೊದ ಬಾಯಿ ಮುಚ್ಚಿ, ಒಂದು ಬಾರ್‌ನಷ್ಟು ಗಾಳಿ ತುಂಬಿ, ಎಲ್ಲ ಕೀಲಿಗೂ ಸೋಪಿನ ನೀರು ಸವರಬೇಕು. ಖರ್ಚು ಏನೂ ಇಲ್ಲ. ಈ ಒಂದು ಪರೀಕ್ಷೆಯಷ್ಟು ಲಾಭ ಕೊಡುವ ಟ್ಯೂನಿಂಗ್ ನಾನು ಬೇರೆ ನೋಡಿಲ್ಲ. ಇಂಜೆಕ್ಟರುಗಳನ್ನು ಬಿಚ್ಚಿ, ತೊಳೆಸಿ, ನಾಲ್ಕೂ ಒಂದೇ ಸಮ ಸುರಿಯುತ್ತವಾ ಅಂತ ಅಳತೆ ಮಾಡಿಸಿ. ಬೂಸ್ಟ್ ಮಿತಿ ಮೀರದ ಹಾಗೆ ಹೊಗೆಯನ್ನು ಪಕ್ಕಕ್ಕೆ ಬಿಡುವ ವೇಸ್ಟ್‌ಗೇಟ್‌ನ ಸ್ಪ್ರಿಂಗ್ ಸೋತಿದೆಯಾ ನೋಡಿ. ಎಂಜಿನ್ ಕಂಪ್ಯೂಟರಿಗೂ ಪೆಟ್ರೋಲ್ ಪಂಪಿಗೂ ಕರೆಂಟ್ ಕೊಡುವ ಡಿಎಂಇ ರಿಲೇ ಅಂತ ಒಂದು ಸಣ್ಣ ಡಬ್ಬಿ ಇದೆ. ಹಳೆಯದಾದರೆ ಒಳಗಿನ ಬೆಸುಗೆ ಬಿರುಕು ಬಿಟ್ಟು ಕಾರು ರಸ್ತೆಯಲ್ಲೇ ನಿಲ್ಲುತ್ತದೆ. ಒಂದು ಹೊಸದನ್ನು ಕಾರಿನಲ್ಲೇ ಇಟ್ಟುಕೊಳ್ಳಿ.

ಸರಿ, ಕಾರು ಆರೋಗ್ಯವಾಗಿದೆ. ಈಗ ಶಕ್ತಿ ಹೆಚ್ಚಿಸಬೇಕು. ಎಷ್ಟು? ಹೇಗೆ? ಇದಕ್ಕೆ ನಾನು ಉತ್ತರ ಹುಡುಕಿದ್ದು ಚಿಪ್ ಮಾರುವವರ ಹತ್ತಿರ ಅಲ್ಲ, ಪೋರ್ಷೆಯ ಹತ್ತಿರವೇ. ಯಾಕೆಂದರೆ ಅವರೇ ಈ ಕಾರನ್ನು ಒಮ್ಮೆ ಟ್ಯೂನ್ ಮಾಡಿದ್ದಾರೆ. 1988ರಲ್ಲಿ 944 ಟರ್ಬೊ ಎಸ್ ಬಂತು. 220 ಹೋಗಿ 250 ಆಯಿತು. ಮರುವರ್ಷದಿಂದ ಎಲ್ಲ 944 ಟರ್ಬೊಗಳೂ 250ರವೇ.

ಆ 30 ಅಶ್ವಶಕ್ತಿಗೆ ಅವರು ಏನೇನು ಬದಲಾಯಿಸಿದರು ನೋಡಿ. ಟರ್ಬೊ ಕೆ26/6 ಇದ್ದದ್ದು ಕೆ26/8 ಆಯಿತು. ಅಂದರೆ ಹೊಗೆಯ ಕಡೆಯ ದಾರಿ ಅಗಲವಾಯಿತು. ಬೂಸ್ಟ್ ತುಸು ಜಾಸ್ತಿ, ಕಂಪ್ಯೂಟರಿನ ಲೆಕ್ಕ ಬೇರೆ. ಶಕ್ತಿಗೆ ಬೇಕಾದ ಬದಲಾವಣೆ ಇಷ್ಟೇ. ಆದರೆ ಅಷ್ಟಕ್ಕೇ ನಿಲ್ಲಲಿಲ್ಲ. ಬ್ರೇಕನ್ನು ದೊಡ್ಡ 928 ಎಸ್4 ಕಾರಿನಿಂದ ತಂದರು. ಕ್ಲಚ್ ಗಟ್ಟಿ ಮಾಡಿದರು. ಗೇರ್‌ಬಾಕ್ಸಿನ ಹಲ್ಲುಗಳನ್ನು ಬಲಪಡಿಸಿ ಅದಕ್ಕೆ ಆಯಿಲ್ ಕೂಲರ್ ಕೊಟ್ಟರು. ಸಸ್ಪೆನ್ಷನ್ ಬಿಗಿ ಮಾಡಿದರು. 30 ಅಶ್ವಶಕ್ತಿ ಸೇರಿಸಲು ವೈಸಾಖ್‌ನವರಿಗೆ ಇಡೀ ಕಾರನ್ನೇ ಮುಟ್ಟಬೇಕು ಅನ್ನಿಸಿತು. ನಾವು ಒಂದು ಮಧ್ಯಾಹ್ನದಲ್ಲಿ ಚಿಪ್ ಹಾಕಿ 60 ಸೇರಿಸಿ, ಅದೇ ಹಳೆ ಬ್ರೇಕಿನಲ್ಲಿ ಗಂಟೆಗೆ 250 ಕಿಲೋಮೀಟರ್ ಓಡುತ್ತೇವೆ. ಯೋಚನೆ ಮಾಡಬೇಕಾದ ವಿಷಯ ಅಲ್ವಾ?

ನಾನು ಆಮೇಲೆ ಹಿಡಿದದ್ದು ಅದೇ ದಾರಿ. ಬ್ರೇಕ್ ಮತ್ತು ಶಾಕ್ ಅಬ್ಸಾರ್ಬರ್ ಮೊದಲು. ನಂತರ ಕೆ26/8 ಟರ್ಬೊ. ಪೆಟ್ರೋಲಿನ ಒತ್ತಡ ಹಿಡಿಯುವ ರೆಗ್ಯುಲೇಟರನ್ನು 2.5ರಿಂದ 3 ಬಾರ್‌ಗೆ ಬದಲಾಯಿಸಿದೆ. ಅಷ್ಟರಿಂದ ಅದೇ ಇಂಜೆಕ್ಟರುಗಳು ಶೇಕಡಾ 9ರಿಂದ 10ರಷ್ಟು ಹೆಚ್ಚು ಪೆಟ್ರೋಲ್ ಕೊಡುತ್ತವೆ. ಇದಕ್ಕೆ ತಕ್ಕಂತೆ ಚಿಪ್ಪನ್ನು ಡೈನೋ ಮೇಲೆ ಇದೇ ಕಾರಿಗೆ ಬರೆಸಿದೆ.

ಯಾರದೋ ಕಾರಿಗೆ ಬರೆದ ಚಿಪ್ ಬೇಡ ಅನ್ನುವುದಕ್ಕೆ ಒಂದು ಕಾರಣ ಇದೆ. ಈ ಕಾರಿನಲ್ಲಿ ಗಾಳಿ ಅಳೆಯುವುದು ಒಂದು ಪುಟ್ಟ ಬಾಗಿಲು. ಗಾಳಿ ಅದನ್ನು ಎಷ್ಟು ತಳ್ಳುತ್ತದೆ ಅನ್ನುವುದೇ ಅಳತೆ. ಬಾಗಿಲು ಪೂರ್ತಿ ತೆರೆದ ಮೇಲೆ ಇನ್ನಷ್ಟು ಗಾಳಿ ಬಂದರೂ ಕಂಪ್ಯೂಟರಿಗೆ ತಿಳಿಯುವುದಿಲ್ಲ. ಅಲ್ಲಿಂದ ಮುಂದೆ ಚಿಪ್ ಬರೆದವರ ಅಂದಾಜೇ ಗತಿ. ನಿಮ್ಮ ಎಂಜಿನ್ ಕಣ್ಣಮುಂದೆ ಇದ್ದರೆ ಆ ಅಂದಾಜು ಸರಿ ಇರುತ್ತದೆ.

ಬ್ಲಾಕಿನ ಬಗ್ಗೆಯೂ ಒಂದು ಮಾತು. ಇದು ಅಲುಸಿಲ್ ಅನ್ನುವ ಅಲ್ಯೂಮಿನಿಯಂ-ಸಿಲಿಕಾನ್ ಮಿಶ್ರಲೋಹ. ಒಳಗೆ ಕಬ್ಬಿಣದ ಲೈನರ್ ಇಲ್ಲ. ಪಿಸ್ಟನ್ ಓಡುವುದು ನೇರವಾಗಿ ಆ ಗೋಡೆಯ ಮೇಲೆ. ಗೋಡೆಗೆ ಒಮ್ಮೆ ಗೀರು ಬಿದ್ದರೆ ಊರಿನ ಲೇತ್ ಅಂಗಡಿಯಲ್ಲಿ ಬೋರ್ ಮಾಡಿಸಿ ಮುಗಿಸುವ ಹಾಗಿಲ್ಲ. ಎರಡನೇ ಸಿಲಿಂಡರಿನ ಕನೆಕ್ಟಿಂಗ್ ರಾಡ್ ಬೇರಿಂಗಿಗೆ ಆಯಿಲ್ ಸಾಲದೆ ಹೋಗುವುದು ಈ ಎಂಜಿನ್ನಿನ ಹಳೆಯ ಕಾಯಿಲೆ. ಟ್ರ್ಯಾಕಿನಲ್ಲಿ ಉದ್ದುದ್ದ ತಿರುವುಗಳಲ್ಲಿ ಓಡಿಸುವವರು ಆ ಬೇರಿಂಗನ್ನು ಮುಂಚೆಯೇ ಬದಲಾಯಿಸುವುದು ಒಳ್ಳೆಯದು.

ಕಾನೂನಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಆದರೆ ಹಗುರವಾಗಿ ತೆಗೆದುಕೊಳ್ಳಬೇಡಿ. ಜರ್ಮನಿಯಲ್ಲಿ ಶಕ್ತಿ ಹೆಚ್ಚಿಸಿದರೆ ಅದನ್ನು ಪರೀಕ್ಷೆ ಮಾಡಿಸಿ ಕಾರಿನ ಕಾಗದದಲ್ಲಿ ಬರೆಸಬೇಕು. ಇಲ್ಲದಿದ್ದರೆ ಓಡಾಟದ ಅನುಮತಿಯೇ ಹೋಗಬಹುದು, ಅಪಘಾತವಾದರೆ ಇನ್ಶೂರೆನ್ಸ್ ತಕರಾರು ಬರುತ್ತದೆ. ಮೂವತ್ತು ವರ್ಷ ದಾಟಿದ ಕಾರಿಗೆ ಸಿಗುವ ಎಚ್ ನಂಬರ್ ಪ್ಲೇಟ್ ಬೇಕಿದ್ದರೆ, ಬದಲಾವಣೆಗಳು ಆ ಕಾಲಕ್ಕೆ ಒಪ್ಪುವಂತೆ ಇರಬೇಕು. ಟರ್ಬೊ ಎಸ್‌ನ ಭಾಗಗಳನ್ನೇ ಆರಿಸಿಕೊಂಡದ್ದು ಇಲ್ಲಿಯೂ ನನಗೆ ನೆರವಾಯಿತು. ಅವು 1988ರವೇ. ಪರೀಕ್ಷೆ ಮಾಡಿದವರು ಬ್ರೇಕ್ ನೋಡಿ ಖುಷಿಪಟ್ಟು ಬರೆದುಕೊಟ್ಟರು.

ಈಗ ಮೊದಲ ಪ್ರಶ್ನೆಗೆ ಉತ್ತರ. ಬೂಸ್ಟ್ 0.9 ಬಾರ್, ಡೈನೋ ಮೇಲೆ 258. ಇದೇ ಎಂಜಿನ್ನಿನಿಂದ 300 ದಾಟಿಸಿದವರು ಬೇಕಾದಷ್ಟು ಜನ ಇದ್ದಾರೆ. ಗಟ್ಟಿ ಗ್ಯಾಸ್ಕೆಟ್, ದೊಡ್ಡ ಇಂಜೆಕ್ಟರ್, ಹೊಸ ಏರ್ ಸೆನ್ಸರ್ ಹಾಕಿ ಸರಿಯಾಗಿಯೇ ಮಾಡುತ್ತಾರೆ. ಅವರ ಕೆಲಸದ ಮೇಲೆ ನನಗೆ ಗೌರವವಿದೆ. ನನಗೆ ಬೇಕಾದದ್ದು ಮಾತ್ರ ಆಲ್ಬ್ ಬೆಟ್ಟದ ಏರನ್ನು ಜುಲೈ ಬಿಸಿಲಿನಲ್ಲಿ ಹತ್ತಿ, ಉಲ್ಮ್ ಮುಟ್ಟಿ, ಮನೆಗೆ ವಾಪಸ್ ಬರುವ ಕಾರು.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಬರೆಯುತ್ತೇನೆ.

ಒಬ್ಬ ತಮ್ಮ ಕೇಳಿದ. ಇಲ್ಲಿ 102 ಆಕ್ಟೇನ್ ಪೆಟ್ರೋಲ್ ಸಿಗುತ್ತದಲ್ಲ, ಸುಮ್ನೆ ಅದನ್ನು ಹಾಕಿದರೆ ಶಕ್ತಿ ಬರುತ್ತಾ ಅಂತ. ತಾನಾಗಿ ಬರುವುದಿಲ್ಲ. ಆಕ್ಟೇನ್ ಅಂದರೆ ನಾಕಿಂಗ್ ತಡೆಯುವ ಗುಣ, ಪೆಟ್ರೋಲಿನ ಕಸುವಲ್ಲ. ನಾಕಿಂಗ್ ಆಗಿ ಕಂಪ್ಯೂಟರ್ ಕಿಡಿ ತಡ ಮಾಡುತ್ತಿದ್ದರೆ, ಒಳ್ಳೆ ಪೆಟ್ರೋಲ್ ಹಾಕಿದಾಗ ಆ ಕಳೆದುಹೋದ ಶಕ್ತಿ ಮರಳುತ್ತದೆ. ಅದಕ್ಕೂ ಮೇಲೆ ಬೇಕಾದರೆ ಚಿಪ್ಪನ್ನೇ ಆ ಪೆಟ್ರೋಲಿಗೆ ಬರೆಸಬೇಕು. ಆಮೇಲೆ ಬೇರೆ ಪೆಟ್ರೋಲ್ ಹಾಕಿ ಜೋರಾಗಿ ಓಡಿಸುವ ಹಾಗಿಲ್ಲ. ನನ್ನ ಚಿಪ್ 98ಕ್ಕೆ ಬರೆದದ್ದು, ಎಲ್ಲ ಬಂಕಿನಲ್ಲೂ ಸಿಗಲಿ ಅಂತ.

ಇನ್ನೊಬ್ಬರು, ಹುಬ್ಬಳ್ಳಿ ಕಡೆಯ ಅಕ್ಕ, ಟರ್ಬೊ ಕಾರನ್ನು ನಿಲ್ಲಿಸಿದ ಕೂಡಲೇ ಆರಿಸಬಾರದು ಅನ್ನುತ್ತಾರಲ್ಲ, ನಿಜವೇ ಅಂತ ಕೇಳಿದರು. ಹಳೆಯ ಕಾರಿಗೆ ನಿಜ. ಜೋರಾಗಿ ಓಡಿಸಿ ಬಂದಾಗ ಟರ್ಬೊ ಕೆಂಪಗೆ ಕಾದಿರುತ್ತದೆ. ತಕ್ಷಣ ಆರಿಸಿದರೆ ಆಯಿಲ್ ಹರಿಯುವುದು ನಿಂತು, ಒಳಗಿದ್ದ ಆಯಿಲ್ ಸುಟ್ಟು ಬೇರಿಂಗಿಗೆ ಕರಿಯಾಗಿ ಅಂಟಿಕೊಳ್ಳುತ್ತದೆ. ಕೊನೆಯ ಎರಡು ಕಿಲೋಮೀಟರ್ ನಿಧಾನಕ್ಕೆ ಓಡಿಸಿ ಬಂದರೆ ಸಾಕು. 944ರಲ್ಲಿ ಇನ್ನೂ ಒಂದು ಏರ್ಪಾಡು ಇದೆ. ಟರ್ಬೊದ ಸುತ್ತ ಕೂಲಂಟ್ ಹರಿಸಲು ಒಂದು ಸಣ್ಣ ಎಲೆಕ್ಟ್ರಿಕ್ ಪಂಪ್. ಎಂಜಿನ್ ಆರಿದ ಮೇಲೂ ಅದು ಸ್ವಲ್ಪ ಹೊತ್ತು ಓಡುತ್ತದೆ. ನಿಮ್ಮ 944 ಟರ್ಬೊದಲ್ಲಿ ಆ ಸದ್ದು ಬರದಿದ್ದರೆ ಪಂಪ್ ಸತ್ತಿರಬಹುದು, ನೋಡಿಸಿ.

ಆ ಸದ್ದು ಕೇಳಬೇಕು ಅಂದರು ಅಲ್ಲಿದ್ದವರು. ಎಲ್ಲರೂ ಕೆಳಗಿಳಿದು ಹೋದೆವು. ಒಂದು ಸುತ್ತು ಓಡಿಸಿ ತಂದು ಆರಿಸಿ, ಬಾನೆಟ್ ಎತ್ತಿ ನಿಲ್ಲಿಸಿದೆ. ಹತ್ತು ಹನ್ನೆರಡು ಜನ ಬಗ್ಗಿ, ಮಾತು ನಿಲ್ಲಿಸಿ, ಆ ಸಣ್ಣ ಗುಂಯ್ ಸದ್ದು ನಿಲ್ಲುವ ತನಕ ಕೇಳಿದರು.